ಕತ್ತಲಲ್ಲಿ ಬಿಟ್ಟ ಬಾಣ

ರಾಮನು ಕಾಡಿಗೆ ಹೋದ ಆರನೆಯ ರಾತ್ರಿ ದಶರಥನು ಕೌಸಲ್ಯೆಗೆ ಒಂದು ಹಳೆಯ ಕಥೆಯನ್ನು ಹೇಳಿ ಪ್ರಾಣ ಬಿಡುತ್ತಾನೆ. ಅಯೋಧ್ಯಾಕಾಂಡದ ಈ ಭಾಗವನ್ನು ನಾವು ಶ್ರವಣಕುಮಾರನ ಕಥೆಯೆಂದು ಮಕ್ಕಳಿಗೆ ಹೇಳುತ್ತೇವೆ. ಕಾವಡಿ ಹೊತ್ತ ಹುಡುಗನ ಚಿತ್ರವನ್ನು ಕ್ಯಾಲೆಂಡರುಗಳಲ್ಲಿ ನೋಡಿದ್ದೇವೆ. ತಂದೆತಾಯಿಗಳ ಸೇವೆಗೆ ಅದೊಂದು ದೃಷ್ಟಾಂತವಾಗಿ ನಿಂತುಬಿಟ್ಟಿದೆ. ವಾಲ್ಮೀಕಿಯಲ್ಲಾದರೋ ಆ ಹುಡುಗನಿಗೆ ಹೆಸರೂ ಇಲ್ಲ, ಹೆಗಲ ಮೇಲೆ ಕಾವಡಿಯೂ ಇಲ್ಲ. ಅಲ್ಲಿ ಕಥೆ ಹೇಳುವವನು ಕೊಂದವನು. ಕೇಳುವವಳು ಕೊಂದವನ ಹೆಂಡತಿ. ಸತ್ತವನ ಕಥೆಯನ್ನು ನಾವು ಎತ್ತಿಕೊಂಡು, ಕೊಂದವನ ಕಥೆಯನ್ನು ಬಿಟ್ಟುಕೊಟ್ಟಿದ್ದೇವೆ. ಬಿಟ್ಟದ್ದನ್ನು ಮತ್ತೆ ಎತ್ತಿಕೊಳ್ಳುವುದಕ್ಕೆ ಕಾರಣವಿದೆ.

ನಮ್ಮ ಕೆಂಚನಗುಡ್ಡ ತುಂಗಭದ್ರೆಯ ದಂಡೆಯ ಊರು. ಸಿರುಗುಪ್ಪದ ಸೀಮೆ ಭತ್ತದ ಸೀಮೆ. ಸುಗ್ಗಿಯ ದಿನಗಳಲ್ಲಿ ರಾಶಿ ಕಾಯಲು ಕಣದಲ್ಲಿ ಮಲಗುವುದು ಇಲ್ಲಿ ಯಾರಿಗೂ ಹೊಸತಲ್ಲ. ಹೊಳೆಯ ಕಡೆಯಿಂದ ಸದ್ದು ಬಂದರೆ, ಅದು ನಾಯಿಯೋ ಹಂದಿಯೋ ಮನುಷ್ಯನೋ ಎಂದು ಮಲಗಿದಲ್ಲಿಂದಲೇ ಹೇಳಬಲ್ಲೆವೆಂದು ಜಂಬ ಪಡುವವರು ಪ್ರತಿ ಓಣಿಯಲ್ಲಿಯೂ ಇದ್ದಾರೆ. ಇಂತಹ ಒಬ್ಬ ಹಿರಿಯರ ಮುಂದೆ ನಾನು ದಶರಥನ ಮಾತೆತ್ತಿದಾಗ ಅವರು ಸರಕ್ಕನೆ ಅಂದರು: “ಅಲ್ಲಪ್ಪಾ, ಆತಗೇನು ಕೊಲ್ಲಬೇಕಂತ ಇತ್ತೇನು? ಆನಿ ಅಂದ್ಕೊಂಡ, ಬಾಣ ಬಿಟ್ಟ. ತಿಳೀದೆ ಆದದ್ದಕ್ಕೆ ಶಾಪ ಯಾಕ?” “ತಾತಾ, ಆನೆ ಅಂತ ಯಾಕೆ ಅಂದುಕೊಂಡ?” ಎಂದೆ. “ಸಪ್ಪಳ ಹಂಗಿತ್ತು” ಎಂದರು. ವಾದ ಅಲ್ಲಿಗೆ ನಿಂತಿತು. ಆದರೆ ತಾತನವರ ಪ್ರಶ್ನೆಯೇ ಇಂದು ಊರೂರಿನ ಪ್ರಶ್ನೆಯಾಗಿದೆ. ಕೊಲ್ಲುವ ಉದ್ದೇಶವಿರಲಿಲ್ಲ, ಹೆದರಿಕೆಯಿತ್ತು, ತಿಳಿಯದೆ ಆಯಿತು: ಈ ಮೂರು ಮಾತುಗಳು ಸೇರಿದರೆ ಒಂದು ಹೆಣಕ್ಕೆ ಯಾರೂ ಹೊಣೆಯಲ್ಲವೆಂದಾಗುತ್ತದೆಯೆ?

೨೦೧೮ರ ಬೇಸಗೆಯನ್ನು ವಾಚಕರು ಮರೆತಿರಲಾರರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಮೊಬೈಲುಗಳಲ್ಲಿ ಹರಿದಾಡಿತು. ಅದರ ಜೊತೆಗೆ ಒಂದು ಚಲಿಸುವ ಚಿತ್ರ: ಬೈಕಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ, ಮಕ್ಕಳನ್ನು ಜೋಪಾನ ಮಾಡಿರೆಂದು ಜನರಿಗೆ ತಿಳಿಸಲು ಮಾಡಿದ ಚಿತ್ರ. ಕೊನೆಯಲ್ಲಿ ಆ ಇಬ್ಬರು ಮಗುವನ್ನು ತಂದು ಬಿಡುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ ಹಾಕಿದ್ದರು. ಮೇ ೨೩ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಇಪ್ಪತ್ತಾರು ವರ್ಷದ ಒಬ್ಬನನ್ನು ಜನರು ಕಟ್ಟಿ ಹೊಡೆದು ಕೊಂದರು. ಜುಲೈ ೧೩ರಂದು ಬೀದರ ಜಿಲ್ಲೆಯ ಔರಾದ ಕಡೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಇಂಜಿನಿಯರು ಸತ್ತನು. ಅವನೂ ಗೆಳೆಯರೂ ಆ ಕಡೆಗೆ ತಿರುಗಾಟಕ್ಕೆ ಬಂದವರು. ಹಂದಿಕೇರಿಯಲ್ಲಿ ಗಾಡಿ ನಿಲ್ಲಿಸಿ ಮಕ್ಕಳಿಗೆ ಚಾಕೊಲೇಟು ಹಂಚಿದರು. ಅನುಮಾನ ಹುಟ್ಟಿತು, ಮಾತು ಬೆಳೆಯಿತು. ಅವರು ಕಾರು ಹತ್ತಿ ಹೊರಟರು. ಅವರ ಚಿತ್ರ ಅವರಿಗಿಂತ ಮೊದಲೇ ಮುರ್ಕಿಗೆ ಹೋಗಿ ತಲಪಿತ್ತು. ಅಲ್ಲಿ ದಾರಿ ಕಟ್ಟಿದರು, ಕಾರು ಉರುಳಿತು. ಬಿದ್ದವರನ್ನು ಎಳೆದು ಹೊಡೆದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಮುಂದೆ ಮೂವತ್ತು ಜನರಷ್ಟು ಸೆರೆಯಾದರು. ವಾಟ್ಸಾಪಿನವರು ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೆ ದಾಟಿಸಬಹುದೆಂದು ಈ ದೇಶದಲ್ಲಿ ಕಟ್ಟು ಹಾಕಿದರು. ನಾಲ್ಕು ದಿನಗಳ ತರುವಾಯ, ಜುಲೈ ೧೭ರಂದು, ಸುಪ್ರೀಂ ಕೋರ್ಟು ಇಂತಹ ಗುಂಪುಗೊಲೆಗಳ ವಿಷಯದಲ್ಲಿ ರಾಜ್ಯಗಳಿಗೆ ಕಟ್ಟುನಿಟ್ಟಾದ ನಿರ್ದೇಶಗಳನ್ನು ಕೊಟ್ಟಿತು. ಇದೆಲ್ಲ ಆಡಳಿತದ ಮಾತು. ನನ್ನ ಕೆಲಸ ಸಾಹಿತ್ಯದ್ದು.

ಇಲ್ಲಿ ಒಂದು ಮಾತನ್ನು ಮೊದಲೇ ಒಪ್ಪಿಕೊಳ್ಳಬೇಕು. ಆ ಹೆದರಿಕೆ ಸುಳ್ಳಾಗಿರಲಿಲ್ಲ. ಸುದ್ದಿ ಸುಳ್ಳು, ಹೆದರಿಕೆ ನಿಜ. ಮಗುವನ್ನು ಬಾಗಿಲ ಹೊರಗೆ ಬಿಡಲು ಅಂಜಿದ ತಾಯಂದಿರನ್ನು ಆ ದಿನಗಳಲ್ಲಿ ನಾನೇ ಕಂಡಿದ್ದೇನೆ. ಅವರನ್ನು ಮೂಢರೆಂದು ಹಳಿಯುವ ಪಟ್ಟಣದ ಲೇಖನಗಳು ನನಗೆ ಹಿಡಿಸಲಿಲ್ಲ. ಅದರಂತೆಯೇ, ಕೊಂದವರೆಲ್ಲ ರಾಕ್ಷಸರೆಂದು ಬರೆದು ಕೈ ತೊಳೆದುಕೊಂಡವರೂ ಹಿಡಿಸಲಿಲ್ಲ. ವಾಲ್ಮೀಕಿ ಇವೆರಡನ್ನೂ ಮಾಡುವುದಿಲ್ಲ.

ಅವನು ಮಾಡುವುದೇನೆಂದು ನೋಡೋಣ. ಮಳೆಗಾಲ. ದಶರಥ ಇನ್ನೂ ಯುವರಾಜ, ಮದುವೆಯಾಗಿಲ್ಲ. ಸದ್ದು ಕೇಳಿಯೇ ಗುರಿಯಿಡುವ ಶಬ್ದವೇಧಿಯೆಂದು ಹೆಸರಾಗಿದ್ದಾನೆ. ಬಿಲ್ಲು ಹಿಡಿದು ರಥವೇರಿ ಸರಯೂ ತೀರಕ್ಕೆ ಹೋಗುತ್ತಾನೆ. ರಾತ್ರಿ ನೀರಿಗೆ ಬರುವ ಕಾಡುಕೋಣವೋ ಆನೆಯೋ ಬೇರಾವ ಮೃಗವೋ ಸಿಕ್ಕೀತೆಂದು ಹೊಂಚುತ್ತಾನೆ. ಕಣ್ಣಿಗೆ ಏನೂ ಕಾಣದ ಕತ್ತಲು. ಕೊಡ ತುಂಬುವ ಸದ್ದು ಕೇಳುತ್ತದೆ. ಅದು ಅವನ ಕಿವಿಗೆ ಆನೆಯ ಸದ್ದಾಗುತ್ತದೆ. ಬಾಣ ಹೋಗುತ್ತದೆ.

ನನ್ನ ಊರಿನ ತಾತ “ಸಪ್ಪಳ ಹಂಗಿತ್ತು” ಎಂದರಲ್ಲ, ಅದನ್ನು ಇಲ್ಲಿಟ್ಟು ನೋಡಬೇಕು. ಹೊಳೆಯ ದಂಡೆಯಲ್ಲಿ ಕೊಡ ತುಂಬುವುದಕ್ಕಿಂತ ಸಾಮಾನ್ಯವಾದ ಸದ್ದು ಯಾವುದಿದೆ? ಆನೆಗಿಂತ ಮೊದಲು ನೀರಿಗೆ ಬಂದ ಮನುಷ್ಯನ ನೆನಪಾಗಬೇಕಿತ್ತು. ಆಗಲಿಲ್ಲ, ಏಕೆಂದರೆ ಆನೆ ಆಗಲೇ ಅವನ ಮನಸ್ಸಿನಲ್ಲಿ ಬಂದು ನಿಂತಿತ್ತು. ಬಿಲ್ಲನ್ನು ಹಿಡಿದು ಹೊರಟಾಗಲೇ ಅವನು ಅದನ್ನು ಜೊತೆಗೆ ಕರೆತಂದಿದ್ದನು. ಸದ್ದು ಬಂದದ್ದು ಆಮೇಲೆ. ಕೊಲ್ಲುವ ಉದ್ದೇಶ ಆ ಹುಡುಗನ ವಿಷಯದಲ್ಲಿ ಇರಲಿಲ್ಲವೆಂಬುದು ಸರಿ. ಆದರೆ ಆ ರಾತ್ರಿ ಏನನ್ನಾದರೂ ಹೊಡೆಯಬೇಕೆಂಬ ಉದ್ದೇಶ ಇರಲಿಲ್ಲವೆಂದು ಯಾರೂ ಹೇಳಲಾರರು.

ದಶರಥನೂ ಹೇಳುವುದಿಲ್ಲ. ಇದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಬೇರೆ ಯಾರಾದರೂ ಆಗಿದ್ದರೆ ಕತ್ತಲಿನ ಮೇಲೆ, ಮಳೆಯ ಮೇಲೆ, ವಿಧಿಯ ಮೇಲೆ ಹಾಕುತ್ತಿದ್ದರು. ತಿಳಿಯದೆ ವಿಷ ತಿಂದ ಮಗುವಿನಂತಾಯಿತೆಂದು ಅವನೂ ಒಂದು ಹೋಲಿಕೆ ಕೊಡುತ್ತಾನೆ. ಆದರೆ ಅದಕ್ಕೂ ಮೊದಲು ಮತ್ತೊಂದು ಹೋಲಿಕೆ ಬಂದಿರುತ್ತದೆ: ಮಾವಿನ ತೋಪನ್ನು ಕಡಿದು ಮುತ್ತುಗಕ್ಕೆ ನೀರೆರೆದವನು ಹಣ್ಣಿನ ಕಾಲದಲ್ಲಿ ಅಳುತ್ತಾನೆಂದು. ಮುತ್ತುಗದ ಹೂವು ಕಣ್ಣು ಕುಕ್ಕುವ ಕೆಂಪು; ಹಣ್ಣಿನ ಆಸೆ ಅಲ್ಲಿ ಬೇಡ. ಶಬ್ದವೇಧಿಯೆಂಬ ಹೆಸರು ಅವನಿಗೆ ಆ ಹೂವು. ಮಗುವಿನ ಹೋಲಿಕೆಯಲ್ಲಿ ತಪ್ಪಿಲ್ಲದ ಅಜ್ಞಾನವಿದೆ. ಮುತ್ತುಗದ ಹೋಲಿಕೆಯಲ್ಲಿ ತಾನೇ ಮಾಡಿಕೊಂಡ ಆಯ್ಕೆಯಿದೆ. ಎರಡನ್ನೂ ಒಬ್ಬನ ಬಾಯಲ್ಲಿಯೇ ಇಟ್ಟು, ಯಾವುದು ನಿಜವೆಂದು ಕವಿ ತೀರ್ಪು ಕೊಡದೆ ಸುಮ್ಮನಾಗುತ್ತಾನೆ. ವ್ಯಾಖ್ಯಾನ ಬರೆಯುವವರು ಸಾಮಾನ್ಯವಾಗಿ ವಿಷದ ಮಗುವನ್ನು ಎತ್ತಿ ಮುದ್ದಾಡುತ್ತಾರೆ. ನನಗೆ ಮುತ್ತುಗವೇ ಹೆಚ್ಚು ಸತ್ಯವೆನಿಸುತ್ತದೆ.

ನಮ್ಮ ನ್ಯಾಯಶಾಸ್ತ್ರವೂ ಈ ಸಂಕಟದ ಸುತ್ತ ತಿರುಗಿದೆ. ಮೆಕಾಲೆಯ ಕರಡಿನಿಂದ ಹುಟ್ಟಿ ೧೮೬೦ರಲ್ಲಿ ಶಾಸನವಾದ ದಂಡಸಂಹಿತೆಯ ೭೯ನೆಯ ವಿಧಿ, ಸಂಗತಿಯನ್ನು ತಪ್ಪಾಗಿ ತಿಳಿದು, ಆದರೆ ಸದ್ಭಾವದಿಂದ, ತಾನು ಮಾಡುತ್ತಿರುವುದು ನ್ಯಾಯವೇ ಎಂದು ನಂಬಿ ಮಾಡಿದವನು ಅಪರಾಧಿಯಲ್ಲವೆಂದಿತು. ಸದ್ಭಾವವೆಂದರೇನು? ೫೨ನೆಯ ವಿಧಿ ಹೇಳಿತು: ತಕ್ಕ ಎಚ್ಚರಿಕೆ, ತಕ್ಕ ಗಮನ ಇಲ್ಲದೆ ಮಾಡಿದ್ದನ್ನು ಸದ್ಭಾವವೆನ್ನಲಾಗದು. ೨೦೨೪ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಅಂಕಿಗಳು ಬದಲಾದವು. ತತ್ತ್ವ ಹಾಗೆಯೇ ಇದೆ. ಮನಸ್ಸು ಒಳ್ಳೆಯದಾಗಿದ್ದರೆ ಸಾಲದು, ಕಣ್ಣೂ ತೆರೆದಿರಬೇಕೆಂಬ ಈ ಎರಡು ವಿಧಿಗಳ ಜೋಡಣೆಯನ್ನು ನಾನು ಒಳ್ಳೆಯ ಸಾಹಿತ್ಯವೆಂದೇ ಓದಿದ್ದೇನೆ.

ಇದರ ಬೆಳಕಿನಲ್ಲಿ ಒಂದು ಹಳೆಯ ಮೊಕದ್ದಮೆ ನೆನಪಿಗೆ ಬರುತ್ತದೆ. ೧೯೫೮ರಲ್ಲಿ ಒರಿಸ್ಸಾದ ಬಾಲಸೋರ್ ಜಿಲ್ಲೆಯ ರಸಗೋವಿಂದಪುರದಲ್ಲಿ ಯುದ್ಧಕಾಲದ ಒಂದು ವಿಮಾನನೆಲೆ ಪಾಳುಬಿದ್ದಿತ್ತು. ದೆವ್ವಗಳಿರುವ ಜಾಗವೆಂದು ಸುತ್ತಿನ ಜನರು ನಂಬಿದ್ದರು. ಅಲ್ಲಿನ ಹಳೆಯ ಲೋಹ ಕೊಳ್ಳಲು ಕಲಕತ್ತೆಯಿಂದ ಬಂದ ವರ್ತಕನೊಬ್ಬನ ಜೊತೆ ಒಬ್ಬ ನೇಪಾಳಿ ಆಳಿದ್ದನು. ಒಂದು ರಾತ್ರಿ ದೂರದಲ್ಲಿ ಬೆಳಕು ಮಿನುಗುವುದನ್ನೂ ಅದರ ಸುತ್ತ ಆಕೃತಿಗಳು ಆಡುವುದನ್ನೂ ಇವರು ಕಂಡರು. ಆಳು ಖುಕ್ರಿ ಹಿರಿದು ನುಗ್ಗಿ ಕಡಿದನು. ಅವರು ಲಾಟೀನು ಇಟ್ಟುಕೊಂಡು ಹಿಪ್ಪೆಹೂ ಆರಿಸುತ್ತಿದ್ದ ಬುಡಕಟ್ಟಿನ ಹೆಂಗಸರು. ಒಬ್ಬಳು ಸತ್ತಳು, ಉಳಿದವರಿಗೆ ಗಾಯವಾಯಿತು. ೧೯೫೯ರಲ್ಲಿ ಒರಿಸ್ಸಾ ಹೈಕೋರ್ಟು ಅವನಿಗೆ ೭೯ನೆಯ ವಿಧಿಯ ರಕ್ಷೆಯಿದೆಯೆಂದಿತು. ಇನ್ನೂ ಹೆಚ್ಚು ಎಚ್ಚರ ವಹಿಸಿದ್ದರೆ ಇದು ತಪ್ಪುತ್ತಿತ್ತೆಂಬ ಮಾತ್ರಕ್ಕೆ ಆ ರಕ್ಷೆಯನ್ನು ಕಸಿಯಲಾಗದೆಂದಿತು. ಅವನ ನಂಬಿಕೆ ಪ್ರಾಮಾಣಿಕವಾಗಿತ್ತು. ಜೊತೆಗಿದ್ದವರೂ ಹಾಗೆಯೇ ನಂಬಿದ್ದರು.

ತೀರ್ಪು ದಯೆಯಿಂದ ಕೂಡಿದ್ದು. ಅದನ್ನು ಅಲ್ಲಗಳೆಯುವ ಯೋಗ್ಯತೆ ನನ್ನದಲ್ಲ. ಆದರೂ ಸಾಹಿತ್ಯದ ಓದುಗನಾಗಿ ನನ್ನನ್ನು ಕಾಡುವುದು ಬೇರೆ. ದೆವ್ವಕ್ಕೆ ಹೆದರಿದವನು ದೆವ್ವದ ಕಡೆಗೆ ಓಡುತ್ತಾನೆಯೆ? ನಮ್ಮ ಊರಿನ ಮಕ್ಕಳು ಸ್ಮಶಾನದ ಹಾದಿಯಲ್ಲಿ ಯಾವ ಕಡೆಗೆ ಓಡುತ್ತಾರೆಂದು ನೋಡಿ. ಕಾಲು ಹಿಂದಕ್ಕೆ ಹೋಗದೆ ಮುಂದಕ್ಕೆ ಹೋಯಿತೆಂದರೆ ಹೆದರಿಕೆಯ ಜೊತೆಗೆ ಮತ್ತೇನೋ ಸೇರಿದೆಯೆಂದೇ ಅರ್ಥ. ಒರಿಸ್ಸಾದ ಆಳಿನ ಸೊಂಟದಲ್ಲಿ ಖುಕ್ರಿಯಿತ್ತು, ದಶರಥನ ಕೈಯಲ್ಲಿ ಬಿಲ್ಲಿತ್ತು, ಮುರ್ಕಿಯಲ್ಲಿ ಸಾವಿರಾರು ಜನರ ಬೆಂಬಲವಿತ್ತು. ಒಬ್ಬನೇ ಇದ್ದಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದವನು ಗುಂಪಿನಲ್ಲಿ ದಾರಿಗೆ ಅಡ್ಡ ಮರ ಎಳೆಯುತ್ತಾನೆ. ಮುರ್ಕಿಯಲ್ಲಿ ಆ ಕಾರು ಊರಿನೊಳಕ್ಕೆ ಬರುತ್ತಿರಲಿಲ್ಲ. ಊರನ್ನು ಬಿಟ್ಟು ಓಡುತ್ತಿತ್ತು. ಓಡುವವನಿಂದ ಯಾವ ಅಪಾಯ? ಆದರೆ ಶಂಕೆಯ ತರ್ಕವೇ ವಿಚಿತ್ರ: ನಿಂತರೆ ಹೊಂಚುತ್ತಾನೆ, ಓಡಿದರೆ ಕಳ್ಳ.

ಅಮೆರಿಕೆಯಲ್ಲಿಯೂ ಈ ತರ್ಕವೇ ನಡೆದದ್ದು. ೨೦೧೨ರ ಫೆಬ್ರವರಿ ೨೬ರ ರಾತ್ರಿ ಫ್ಲೋರಿಡಾದ ಸ್ಯಾನ್‌ಫರ್ಡ್ ಎಂಬಲ್ಲಿ ಟ್ರೇವಾನ್ ಮಾರ್ಟಿನ್ ಎಂಬ ಹದಿನೇಳು ವರ್ಷದ ಕರಿಯ ಹುಡುಗ, ಅಂಗಡಿಯಿಂದ ಮಿಠಾಯಿಯನ್ನೂ ಕುಡಿಯುವುದೊಂದನ್ನೂ ಕೊಂಡು ಮಳೆಯಲ್ಲಿ ನಡೆದು ಬರುತ್ತಿದ್ದನು. ಆ ಬಡಾವಣೆಯ ಕಾವಲಿನ ಹೊಣೆ ಹೊತ್ತಿದ್ದ ಜಾರ್ಜ್ ಜಿಮ್ಮರ್‌ಮನ್ ಅವನನ್ನು ಕಂಡು ಶಂಕಿಸಿ ಪೊಲೀಸರಿಗೆ ಫೋನು ಮಾಡಿದನು. ಹಿಂಬಾಲಿಸುವುದು ಬೇಡವೆಂಬ ಮಾತು ಆ ಕಡೆಯಿಂದ ಬಂದಿತು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಎದುರುಬದುರಾಗಿ, ಕೈಕೈ ಮಿಲಾಯಿಸಿ, ಪಿಸ್ತೂಲು ಹಾರಿತು. ಪ್ರಾಣಭಯದಿಂದ ಹಾರಿಸಿದೆನೆಂದು ಅವನ ವಾದ. ೨೦೧೩ರ ಜುಲೈ ೧೩ರಂದು ಆರು ಮಂದಿ ಹೆಂಗಸರ ಜ್ಯೂರಿ ಅವನನ್ನು ನಿರ್ದೋಷಿಯೆಂದಿತು. ಪಿಸ್ತೂಲು ಹಾರಿದ ಆ ಗಳಿಗೆಯಲ್ಲಿ ಅವನಿಗೆ ಭಯವಾಗಿತ್ತೆ ಎಂಬುದರ ಮೇಲೆ ದೇಶವೆಲ್ಲ ವಾದ ಮಾಡಿತು. ಆಗಿದ್ದಿರಬಹುದು. ಆದರೆ ಕಾರಿನಿಂದ ಇಳಿದ ಗಳಿಗೆಯಲ್ಲಿ ಆಗಿತ್ತೆ? ಮಿಠಾಯಿ ಹಿಡಿದ ಹುಡುಗನಿಗೆ ಆ ಕತ್ತಲಲ್ಲಿ ಹಿಂದೆ ಬರುತ್ತಿದ್ದವನನ್ನು ಕಂಡು ಭಯವಾಗಲಿಲ್ಲವೆ? ಅದನ್ನು ಹೇಳಬೇಕಾದವನು ಸತ್ತಿದ್ದನು. ಭಯದ ವಿಷಯದಲ್ಲಿ ನ್ಯಾಯಸ್ಥಾನಗಳಿಗಿರುವ ಕಷ್ಟವೇ ಇದು: ಉಳಿದವನ ಭಯಕ್ಕೆ ಬಾಯಿದೆ, ಹೋದವನ ಭಯಕ್ಕೆ ಇಲ್ಲ. ಸ್ಯಾನ್‌ಫರ್ಡಿನಲ್ಲಿ ಮಿಠಾಯಿ, ಬೀದರದಲ್ಲಿ ಚಾಕೊಲೇಟು; ಸರಯುವಿನಲ್ಲಿ ಒಂದು ಕೊಡ ನೀರು.

ವಾಲ್ಮೀಕಿ ಹೋದವನಿಗೆ ಬಾಯಿ ಕೊಟ್ಟಿದ್ದಾನೆ. ಬಾಣ ತಾಕಿದ ಮೇಲೆ ಮೊದಲು ಕೇಳಿಸುವುದು ಹುಡುಗನ ದನಿ. ಕಾಡಿನಲ್ಲಿ ತಪಸ್ಸು ಮಾಡಿಕೊಂಡಿರುವ ನನ್ನಂಥವನ ಮೇಲೆ ಶಸ್ತ್ರ ಬಿಟ್ಟವರು ಯಾರು, ನಾನು ಯಾರಿಗೆ ಏನು ಮಾಡಿದೆ ಎಂದು ಕೇಳುತ್ತಾನೆ. ತನಗಾಗಿ ಅಳದೆ ಕಣ್ಣಿಲ್ಲದ ಮುದುಕರಿಗಾಗಿ ಅಳುತ್ತಾನೆ. ಬಿಲ್ಲು ಕೈಯಿಂದ ಜಾರಿದ ರಾಜಕುಮಾರ ಬಳಿಗೆ ಹೋಗುತ್ತಾನೆ. ಈಗ ಅವನಿಗೆ ಭಯ. ಗಮನಿಸಬೇಕು: ಬಾಣ ಬಿಡುವಾಗ ಇಲ್ಲದ ಭಯ ಈಗ ಬಂದಿದೆ. ಬಾಣ ಕಿತ್ತರೆ ಪ್ರಾಣ ಹೋಗುತ್ತದೆ, ಕೀಳದಿದ್ದರೆ ನೋವು. ಜೊತೆಗೆ ಬ್ರಹ್ಮಹತ್ಯೆಯ ಅಂಜಿಕೆ. ಸಾಯುತ್ತಿರುವ ಹುಡುಗ ಅದನ್ನು ಮುಖದಲ್ಲಿ ಓದಿ, ನಾನು ಬ್ರಾಹ್ಮಣನಲ್ಲ, ವೈಶ್ಯನಿಗೆ ಶೂದ್ರಳಲ್ಲಿ ಹುಟ್ಟಿದವನು, ಆ ಹೆದರಿಕೆ ಬಿಡು ಎನ್ನುತ್ತಾನೆ. ಜಾತಿಯ ಲೆಕ್ಕದಲ್ಲಿ ಪಾಪದ ತೂಕ ಇಳಿಯುತ್ತದೆಂಬುದು ಇಂದು ನಮ್ಮ ಕಿವಿಗೆ ಕಹಿಯೇ. ಇಳಿಸಿಕೊಟ್ಟವನು ಸಾಯುತ್ತಿರುವವನೆಂಬುದು ಅದಕ್ಕಿಂತ ಕಹಿ. ಕೊಂದವನ ಭಯವನ್ನು ಸತ್ತವನು ನೀಗಿಸುವ ಈ ಸನ್ನಿವೇಶಕ್ಕೆ ಸಮನಾದುದನ್ನು ನಾನು ಬೇರೆಡೆ ಓದಿಲ್ಲ. ಶೇಕ್ಸ್‌ಪಿಯರನ ಪೊಲೋನಿಯಸನು ಪರದೆಯ ಹಿಂದೆ ಇಲಿಯಂತೆ ಸಾಯುತ್ತಾನೆ, ಹ್ಯಾಮ್ಲೆಟನು ಎರಡು ಬಿರುನುಡಿ ಆಡಿ ತಾಯಿಯ ಕಡೆಗೆ ತಿರುಗುತ್ತಾನೆ. ಹೆಣ ಆ ದೃಶ್ಯ ಮುಗಿಯುವವರೆಗೆ ಅಲ್ಲಿಯೇ ಬಿದ್ದಿರುತ್ತದೆ.

ಕನ್ನಡದಲ್ಲಿ ಈ ವಿಷಯವೆತ್ತಿದರೆ ಜನ್ನನನ್ನು ಬಿಡುವಂತಿಲ್ಲ. ೧೨೦೯ರ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಕಡಿದವನು ಜನ್ಮಜನ್ಮಾಂತರ ತೊಳಲುತ್ತಾನೆ. ಅಲ್ಲಿ ಹೆಣವಿಲ್ಲ, ಸಂಕಲ್ಪವಿದೆ. ಸರಯುವಿನಲ್ಲಿ ಸಂಕಲ್ಪವಿಲ್ಲ, ಹೆಣವಿದೆ. ಹೀಗೆ ಎರಡನ್ನೂ ಎದುರುಬದುರು ನಿಲ್ಲಿಸಿ, ಜೈನಮತದಲ್ಲಿ ಉದ್ದೇಶವೇ ಮುಖ್ಯವಾದುದರಿಂದ ದಶರಥ ಅಲ್ಲಿ ಪಾರಾಗುತ್ತಿದ್ದನೆಂದು ಕೆಲವರು ವಾದಿಸಿಯಾರು. ಇದು ಜನ್ನನನ್ನು ಅರ್ಧ ಓದಿದವರ ವಾದ. ಕೋಳಿಗೆ ಕತ್ತಿ ಬೀಳುವುದಕ್ಕೆ ಮುಂಚೆ ಅಲ್ಲಿ ಏನೇನು ನಡೆದಿದೆ! ಯಶೋಧರನು ಹೆಂಡತಿಯ ಜಾರತನವನ್ನು ಕಣ್ಣಾರೆ ಕಂಡು, ತಾಯಿಗೆ ಅದನ್ನು ನೇರವಾಗಿ ಹೇಳಲಾರದೆ, ಕೆಟ್ಟ ಕನಸೊಂದನ್ನು ಕಂಡೆನೆಂದು ಕಟ್ಟಿ ಹೇಳುತ್ತಾನೆ. ಕನಸು ಸುಳ್ಳು. ಆದರೆ ತಾಯಿ ಚಂದ್ರಮತಿಗೆ ಹುಟ್ಟಿದ ಭಯ ನಿಜ. ಆ ಭಯ ಬಲಿ ಕೇಳುತ್ತದೆ, ಮಗ ಒಲ್ಲೆನೆನ್ನುತ್ತಾನೆ, ಕೊನೆಗೆ ಹಿಟ್ಟಿನ ಕೋಳಿಗೆ ರಾಜಿಯಾಗುತ್ತಾನೆ. ಕಡಿದಾಗ ಅದು ಕೂಗುತ್ತದೆ. ಕೊನೆ ಕತ್ತರಿಸಿದ ಕರಾಚಿಯ ಆ ಚಿತ್ರಕ್ಕೂ ಈ ಕಟ್ಟಿದ ಕನಸಿಗೂ ಎಷ್ಟು ದೂರ? ಸಂಕಲ್ಪವೆಂದರೆ ಕತ್ತಿ ಎತ್ತುವ ಗಳಿಗೆಯ ಮನಸ್ಸು ಮಾತ್ರವಲ್ಲ, ಅಲ್ಲಿಯವರೆಗೆ ಕರೆತಂದ ಒಪ್ಪಿಗೆಗಳ ಸಾಲೆಲ್ಲವೂ ಸಂಕಲ್ಪವೇ ಎಂದು ಜನ್ನ ತೋರಿಸುತ್ತಾನೆ. ಈ ಕಥೆಯನ್ನು ಹೇಳುವ ಅಣ್ಣತಂಗಿಯರು, ಬಲಿಗೆಂದು ಹಿಡಿದು ತಂದ ಎಳೆಯರು, ಅಭಯರುಚಿ ಮತ್ತು ಅಭಯಮತಿ. ಹೆಸರುಗಳು ಆಕಸ್ಮಿಕವೆಂದು ನಾನು ನಂಬಲಾರೆ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ಈ ವಸ್ತುವನ್ನು ಮತ್ತೆ ಎತ್ತಿಕೊಂಡರು, ಅವರ ಗಮನ ಗಂಡಹೆಂಡಿರ ನಡುವಣ ಬಿರುಕಿನ ಕಡೆಗೆ ಹೆಚ್ಚು ಹೋಯಿತೆಂದು ನನ್ನ ಭಾವನೆ.

ನಮ್ಮ ಈಚಿನ ಕಥೆಗಾರರ ಮೇಲೆ ನನಗೊಂದು ದೂರಿದೆ. ಗುಂಪಿನ ಹಿಂಸೆಯನ್ನು ಕುರಿತು ನನ್ನ ಓದಿಗೆ ಸಿಕ್ಕ ಕಥೆಗಳೆಲ್ಲ ಬಹುಮಟ್ಟಿಗೆ ಸತ್ತವನ ಪಕ್ಕದಲ್ಲಿ ನಿಂತಿವೆ. ಮರುಕಕ್ಕೆ ಅದು ಸುಲಭದ ಜಾಗ. ಕೋಲು ಹಿಡಿದವನು ಅವುಗಳಲ್ಲಿ ಒಂದು ನೆರಳು, ಇಲ್ಲವೆ ಒಂದು ಕೂಗು. ಅವನು ಆ ಸಂಜೆ ಉಂಡನೋ ಇಲ್ಲವೋ, ಮಗಳನ್ನು ಶಾಲೆಯಿಂದ ಕರೆತರುವಾಗ ಏನು ಯೋಚಿಸಿದನು, ಮೊಬೈಲಿನ ಚಿತ್ರವನ್ನು ಹೆಂಡತಿಗೆ ತೋರಿಸಿದಾಗ ಅವಳ ಮುಖದಲ್ಲಿ ತನ್ನ ಬಗ್ಗೆ ಹುಟ್ಟಿದ ಭರವಸೆಯನ್ನು ಕಂಡು ಹಿಗ್ಗಿದನೋ ಇಲ್ಲವೋ ಎಂಬುದು ಒಂದರಲ್ಲಿಯೂ ಬರುವುದಿಲ್ಲ. ಕಾಯುವವನೆಂದು ಹೆಸರಾಗುವುದರಲ್ಲಿ ಒಂದು ಸುಖವಿದೆ. ಹಿಂದೆ ತಳವಾರಿಕೆ ಒಂದು ಮನೆತನದ ಕೆಲಸವಾಗಿತ್ತು. ಹೊಲೆತನವೆಂದರೂ ಹೊರೆಯೆಂದರೂ ಅದಕ್ಕೊಂದು ಹೊಣೆಯಿತ್ತು, ಮರುದಿನ ಚಾವಡಿಯಲ್ಲಿ ಉತ್ತರ ಹೇಳಬೇಕಾಗಿತ್ತು. ಎಲ್ಲರೂ ತಳವಾರರಾದ ರಾತ್ರಿ ಉತ್ತರ ಹೇಳುವವನು ಯಾರೂ ಇರುವುದಿಲ್ಲ. ಆ ಸುಖವನ್ನೂ ಈ ಹೊಣೆಗೇಡಿತನವನ್ನೂ ಒಳಗಿನಿಂದ ಬರೆದ ಕಥೆಯೊಂದು ಕನ್ನಡಕ್ಕೆ ಬೇಕು. ಬರೆದವನನ್ನು ಕೊಲೆಗಾರನ ಪಕ್ಷಪಾತಿಯೆಂದು ಬೈಯುವವರು ಇದ್ದೇ ಇರುತ್ತಾರೆ. ವಾಲ್ಮೀಕಿಯನ್ನೇನೂ ಯಾರೂ ಹಾಗೆ ಬೈದಿಲ್ಲ.

ತಾತನವರ ಪ್ರಶ್ನೆ ಉಳಿದಿದೆ: ತಿಳಿಯದೆ ಆದದ್ದಕ್ಕೆ ಶಾಪವೇಕೆ? ಉತ್ತರ ಕುರುಡು ತಂದೆಯ ಬಾಯಲ್ಲಿಯೇ ಇದೆ. ನೀನೇ ಬಂದು ಹೇಳದೆ ಹೋಗಿದ್ದರೆ ನಿನ್ನ ತಲೆ ನೂರು ಸಾವಿರ ಹೋಳಾಗುತ್ತಿತ್ತು ಎನ್ನುತ್ತಾನೆ ಅವನು. ತಿಳಿದು ಮಾಡಿದ್ದರೆ ನಿನ್ನ ವಂಶವೇ ಉಳಿಯುತ್ತಿರಲಿಲ್ಲ, ತಿಳಿಯದೆ ಮಾಡಿದ್ದರಿಂದ ಬದುಕಿದ್ದೀಯೆ ಎನ್ನುತ್ತಾನೆ. ಉದ್ದೇಶಕ್ಕೆ ಅವನು ಬೆಲೆ ಕೊಡದೆ ಇಲ್ಲ. ಒಂದು ವಂಶದಷ್ಟು ಬೆಲೆ ಕೊಟ್ಟಿದ್ದಾನೆ. ಆದರೂ ಸೊನ್ನೆಗೆ ಇಳಿಸುವುದಿಲ್ಲ. ನನ್ನಂತೆ ನೀನೂ ಮಗನ ಶೋಕದಲ್ಲಿಯೇ ಸಾಯುವೆ ಎನ್ನುತ್ತಾನೆ. ಶಿಕ್ಷೆ ಹೆಚ್ಚಾಯಿತೆಂದು ತಾತನವರು ಈಗಲೂ ಅನ್ನಬಹುದು. ಬಾಣದ ಗಳಿಗೆಯನ್ನಷ್ಟೆ ನೋಡಿದರೆ ಹೆಚ್ಚೇ. ಬಿಲ್ಲು ಹಿಡಿದು ರಥವೇರಿದ ಗಳಿಗೆಯಿಂದ ಲೆಕ್ಕ ಹಾಕಿದರೆ ನನಗೆ ಹಾಗೆ ಕಾಣುವುದಿಲ್ಲ.

ಈ ಮಾತುಗಳಿಗೂ ಸ್ವಲ್ಪ ಮುಂಚೆ ಒಂದು ಸಣ್ಣ ಸಂಗತಿ ಬರುತ್ತದೆ. ಹುಡುಗ ಸತ್ತ ಮೇಲೆ ದಶರಥನು ಆ ಕೊಡವನ್ನು ನೀರು ತುಂಬಿಕೊಂಡು, ಹುಡುಗ ತೋರಿಸಿದ ಕಾಲುದಾರಿಯಲ್ಲಿ ಆಶ್ರಮಕ್ಕೆ ನಡೆಯುತ್ತಾನೆ. ಕಣ್ಣಿಲ್ಲದ ಮುದುಕ ಹೆಜ್ಜೆಯ ಸದ್ದನ್ನು ಕೇಳಿ, ಮಗನೇ ಬಂದನೆಂದು ತಿಳಿದು, ಯಾಕಪ್ಪ ಇಷ್ಟು ತಡ, ಬೇಗ ನೀರು ತಾ, ನಿನ್ನ ತಾಯಿ ಕಾತರಪಡುತ್ತಿದ್ದಾಳೆ ಎನ್ನುತ್ತಾನೆ. ಅವನೂ ಸದ್ದನ್ನು ಕೇಳಿಯೇ ತಪ್ಪು ತಿಳಿದನು. ಕತ್ತಲಲ್ಲಿ ಬಂದ ಅಪರಿಚಿತನ ಹೆಜ್ಜೆ ಅವನ ಕಿವಿಗೆ ಮಗನ ಹೆಜ್ಜೆಯಾಯಿತು.